ಗಣಿತಾಚಾರ್ಯ ಮಹಾವೀರನೂ ಆತನ ಸಂಖ್ಯಾಹಾರಗಳೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು ನಮ್ಮ ವಾಚಕರು ಬಲ್ಲರು. ೧೮೯೨ರಲ್ಲಿ ಬಿ. ಎಲ್. ರೈಸ್ ಮಹಾಶಯರು ಅವುಗಳನ್ನು ಬೆಳಕಿಗೆ ತಂದಂದಿನಿಂದ ಧರ್ಮವನ್ನು ಕುರಿತೂ ರಾಜನೀತಿಯನ್ನು ಕುರಿತೂ ಪಂಡಿತರು ಅವುಗಳ ಮೇಲೆ ಬಹಳವಾಗಿ ಬರೆದಿರುವರು. ಆದರೆ ಆ ಶಾಸನದಲ್ಲಿ ಒಂದು ಸಂಖ್ಯೆಯೂ ಇರುವುದೆಂಬುದನ್ನು ಗಮನಿಸಿದವರು ವಿರಳ. ಆ ಸಂಖ್ಯೆಯು ೨೫೬. ಅದು ಚಕ್ರವರ್ತಿಯು ಯಾತ್ರೆಯಲ್ಲಿ ಕಳೆದ ರಾತ್ರಿಗಳ ಎಣಿಕೆಯೆಂದು ಬಹುಮಂದಿ ವಿದ್ವಾಂಸರ ಮತ. ಅದನ್ನು ಕಂಡರಿಸಿದ ಲಿಪಿಕಾರನು ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಮತ್ತೊಂದು ಗುರುತು, ಆರಕ್ಕೆ ಇನ್ನೊಂದು ಗುರುತು ಎಂದು ಮೂರು ಬೇರೆ ಬೇರೆ ಚಿಹ್ನೆಗಳನ್ನಿಟ್ಟು ಬರೆದಿರುವನು. ಸ್ಥಾನದಿಂದ ಬೆಲೆ ಬದಲಾಗುವ ಅಂಕಿಯೂ, ಬರಿದಾದ ಸ್ಥಾನವನ್ನು ಕಾಯುವ ಸೊನ್ನೆಯೂ ಆ ಬಂಡೆಯ ಮೇಲೆ ಇಲ್ಲ.

ಆ ಬಂಡೆಗೆ ಅಕ್ಷರ ಬಿದ್ದ ಸುಮಾರು ಹನ್ನೊಂದು ನೂರು ವರ್ಷಗಳ ಮೇಲೆ, ಇದೇ ಕನ್ನಡನಾಡನ್ನು ರಾಷ್ಟ್ರಕೂಟರು ಆಳುತ್ತಿದ್ದ ಕಾಲದಲ್ಲಿ, ಒಬ್ಬ ಪುರುಷನು ಇಪ್ಪತ್ತನಾಲ್ಕು ಸ್ಥಾನಗಳವರೆಗೆ ಸಂಖ್ಯೆಗೆ ಹೆಸರನ್ನು ಕೊಟ್ಟನು. ಹತ್ತು ಹನ್ನೆರಡು ಅಂಕಿಗಳ ಮಹಾಸಂಖ್ಯೆಗಳನ್ನು ಮುತ್ತಿನ ಸರದಂತೆ ಪೋಣಿಸಿ ವಿದ್ಯಾರ್ಥಿಗಳ ಮುಂದಿಟ್ಟನು. ಆತನೇ ಗಣಿತಸಾರಸಂಗ್ರಹದ ಕರ್ತೃವಾದ ಮಹಾವೀರಾಚಾರ್ಯನು. ಆತನ ಹೆಸರನ್ನು ಶಾಲೆಯ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸುವುದು ರೂಢಿಯಾಗಿದೆ. ಆತನು ಮಾಡಿದ್ದೇನು, ಅದರಿಂದ ಇಂದಿನ ನಮಗೆ ಬರತಕ್ಕ ಪ್ರಯೋಜನವೇನು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸುವುದು ಉಚಿತವೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮಹಾವೀರನು ಒಂಬತ್ತನೆಯ ಶತಮಾನದವನು, ಜೈನಮತಾವಲಂಬಿ. ತನ್ನ ತಂದೆತಾಯಿಗಳ ಹೆಸರನ್ನಾಗಲಿ, ಹುಟ್ಟೂರಿನ ಹೆಸರನ್ನಾಗಲಿ ಆತನು ಗ್ರಂಥದಲ್ಲಿ ಬರೆದಿಡಲಿಲ್ಲ. ತನ್ನ ಹೆಸರಿನವನೇ ಆದ ಮಹಾವೀರ ಜಿನೇಂದ್ರನನ್ನು, ಸಂಖ್ಯಾಜ್ಞಾನವೆಂಬ ದೀಪದಿಂದ ಲೋಕವನ್ನು ಬೆಳಗಿದವನೆಂದು ಮೊದಲು ವಂದಿಸಿ, ಅನಂತರ ತನ್ನ ಕಾಲದ ಅರಸನನ್ನು ಹೊಗಳಿ, ಕೂಡಲೆ ಶಾಸ್ತ್ರಕ್ಕೆ ಕೈಹಚ್ಚಿರುವನು. ಆ ಅರಸನಾದರೋ ಅಮೋಘವರ್ಷ ನೃಪತುಂಗ. ೮೧೪ರಲ್ಲಿ ಬಾಲಕನಾಗಿ ಪಟ್ಟವೇರಿ ಅರವತ್ತು ವರ್ಷಗಳಿಗೂ ಮೀರಿ ರಾಜ್ಯವಾಳಿದ ಈ ಪ್ರಭುವಿನ ರಾಜಧಾನಿಯು ಮಾನ್ಯಖೇಟ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದಲ್ಲಿ ನಮಗೆ ಉಳಿದು ಬಂದಿರುವ ಮೊದಲನೆಯ ಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದ್ದು ಆತನ ಆಸ್ಥಾನದಲ್ಲಿಯೇ. ಜಿನಸೇನಾಚಾರ್ಯನು ಜಯಧವಳಾ ಟೀಕೆಯನ್ನು ೮೩೭ರಲ್ಲಿ ಪೂರೈಸಿದ್ದು ಆತನ ಆಳಿಕೆಯಲ್ಲಿಯೇ. ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ಅಮೋಘವೃತ್ತಿಯೆಂದು ಹೆಸರಿಟ್ಟದ್ದು ಆತನ ನೆನಪಿಗಾಗಿಯೇ. ಈ ಚಿತ್ರದುರ್ಗದ ಸೀಮೆಯಾದರೂ ರಾಷ್ಟ್ರಕೂಟ ಸಾಮ್ರಾಜ್ಯಕ್ಕೆ ಹೊರಗಾಗಿರಲಿಲ್ಲ. ಮುಂದೆ ನೊಳಂಬವಾಡಿ ಮೂವತ್ತೆರಡು ಸಾಸಿರವೆಂದು ಸಂಖ್ಯೆಯಿಂದಲೇ ಪ್ರಸಿದ್ಧವಾದ ಈ ನಾಡನ್ನು ರಾಷ್ಟ್ರಕೂಟರ ಅಧೀನರಾದ ನೊಳಂಬರು ಆಳುತ್ತಿದ್ದರು.

ಇಂತಹ ರಾಜ್ಯಕ್ಕೆ ಲೆಕ್ಕವು ಬೇಕಾಗಿತ್ತು. ಭೂಮಿಯನ್ನು ಅಳೆಯಬೇಕು, ಕೆರೆಯ ಮಣ್ಣನ್ನು ಎಣಿಸಬೇಕು, ಚಿನ್ನದ ಬಣ್ಣವನ್ನು ಒರೆಹಚ್ಚಿ ಬೆಲೆಕಟ್ಟಬೇಕು, ಬಡ್ಡಿಯನ್ನು ಕೂಡಿಸಬೇಕು, ಕಣಜದ ಧಾನ್ಯವನ್ನು ತಿಳಿಯಬೇಕು. ಆ ಕಾಲದವರೆಗೂ ನಮ್ಮ ದೇಶದಲ್ಲಿ ಗಣಿತವು ಹೆಚ್ಚಾಗಿ ಜ್ಯೋತಿಷದ ಮನೆಯಲ್ಲಿ ಬಾಡಿಗೆಗೆ ಇದ್ದಿತು. ಆರ್ಯಭಟನಾಗಲಿ ಬ್ರಹ್ಮಗುಪ್ತನಾಗಲಿ ಗಣಿತವನ್ನು ಹೇಳಿದ್ದು ಗ್ರಹಗತಿಯನ್ನು ತಿಳಿಸುವ ಸಿದ್ಧಾಂತಗ್ರಂಥಗಳ ಒಳಗಿನ ಅಧ್ಯಾಯಗಳಾಗಿ. ಮಹಾವೀರನು ಗಣಿತಕ್ಕೆ ಬೇರೆಯೇ ಮನೆಯನ್ನು ಕಟ್ಟಿಕೊಟ್ಟನು. ಗ್ರಹಗಳ ಮಾತನ್ನೆತ್ತದೆ, ಗಣಿತವನ್ನೇ ಗಣಿತಕ್ಕಾಗಿ ಒಂಬತ್ತು ಅಧಿಕಾರಗಳಲ್ಲಿ, ಸಾವಿರಕ್ಕೂ ಮೀರಿದ ಸಂಸ್ಕೃತ ಶ್ಲೋಕಗಳಲ್ಲಿ ನಿರೂಪಿಸಿದನು. ಪರಿಭಾಷೆ, ಪರಿಕರ್ಮಗಳು, ಭಿನ್ನರಾಶಿ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಅಗೆತದ ಲೆಕ್ಕ, ನೆರಳಿನ ಲೆಕ್ಕ ಎಂದು ಅದರ ಕ್ರಮ. ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ ಮೊದಲಾದ ಎಲ್ಲ ವಿದ್ಯೆಗಳಿಗೂ ಗಣಿತವೇ ಬೇಕೆಂದೂ, ಮೂರು ಲೋಕಗಳಲ್ಲಿ ಚರಾಚರವಾಗಿ ಇರುವುದಾವುದೂ ಗಣಿತವನ್ನು ಬಿಟ್ಟು ಇರದೆಂದೂ ಆತನು ಆರಂಭದಲ್ಲಿಯೇ ಸಾರಿರುವನು. ಆದರೂ ಆತನ ವಿನಯವು ದೊಡ್ಡದು. ಸಮುದ್ರದಿಂದ ರತ್ನವನ್ನೂ ಕಲ್ಲಿನಿಂದ ಚಿನ್ನವನ್ನೂ ಆಯುವಂತೆ, ಹಿಂದಿನ ಆಚಾರ್ಯರ ಸಾಗರದಿಂದ ತಾನು ಸ್ವಲ್ಪ ಸಾರವನ್ನು ಮಾತ್ರ ಎತ್ತಿದ್ದೇನೆಂಬುದು ಆತನ ನಿಲುವು. ಗ್ರಂಥದ ಹೆಸರೂ ಇದನ್ನೇ ಹೇಳುತ್ತದೆ.

ಆತನ ಲೆಕ್ಕಗಳಲ್ಲಿ ಲೋಕವೇ ತುಂಬಿಕೊಂಡಿದೆ. ದಾರಿಯಲ್ಲಿ ಬಿದ್ದ ಹಣದ ಚೀಲವನ್ನು ಕಂಡ ವರ್ತಕರು, ಕಡಿದುಹೋದ ಮುತ್ತಿನ ಹಾರ, ಕಮಲದಿಂದ ಕಮಲಕ್ಕೆ ಹಾರುವ ದುಂಬಿಗಳು, ಮಾವಿನ ಹಣ್ಣನ್ನು ಹಂಚಿಕೊಳ್ಳುವ ಜನ, ಇವರೆಲ್ಲರೂ ಅಲ್ಲಿ ಬರುತ್ತಾರೆ. ಷಡ್ರಸಗಳಲ್ಲಿ ಒಂದೊಂದನ್ನೋ, ಎರಡೆರಡನ್ನೋ, ಹೀಗೆ ಆರನ್ನೂ ಬೆರೆಸಿದರೆ ಎಷ್ಟು ಬಗೆಯ ರುಚಿಗಳಾಗುವುವೆಂದು ಕೇಳಿ, ಅಂತಹ ಬೆರಕೆಗಳನ್ನೆಲ್ಲ ಎಣಿಸುವ ಸಾಮಾನ್ಯ ಸೂತ್ರವನ್ನೇ ಆತನು ಕೊಟ್ಟಿರುವನು. ಆರು, ಹದಿನೈದು, ಇಪ್ಪತ್ತು, ಹದಿನೈದು, ಆರು, ಒಂದು ಎಂದು ಕೂಡಿಸಿದರೆ ೬೩ ಬಗೆಗಳಾಗುವುವು. ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳಿಗೆ ಲಘುತಮ ಸಾಮಾನ್ಯ ಅಪವರ್ತ್ಯವನ್ನು ತೆಗೆದುಕೊಳ್ಳುವ ಕ್ರಮವನ್ನು ನಿರುದ್ಧವೆಂಬ ಹೆಸರಿನಿಂದ ಆತನು ಹೇಳಿದನು. ಋಣಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದನು. ಭಾಸ್ಕರಾಚಾರ್ಯನ ಲೀಲಾವತಿಯು ಹೊರಬಂದದ್ದು ೧೧೫೦ರಲ್ಲಿ. ಅದಕ್ಕೂ ಸುಮಾರು ಮುನ್ನೂರು ವರ್ಷ ಮೊದಲಿನ ಮಾತು ಇದು.

ಆತನು ಎಲ್ಲದರಲ್ಲಿಯೂ ತಪ್ಪದವನೆಂದು ನಾವು ಹೇಳುವುದಿಲ್ಲ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಆತನು ಬರೆದನು. ಇದನ್ನು ಇಂದಿನ ಗಣಿತವು ಒಪ್ಪುವುದಿಲ್ಲ. ಸೊನ್ನೆಯಿಂದ ಭಾಗಿಸುವುದೆಂಬುದಕ್ಕೆ ಅರ್ಥವೇ ಇಲ್ಲವೆಂದು ಶಾಲೆಯ ಹುಡುಗನೂ ಇಂದು ಕಲಿಯುವನು. ಪೂರ್ವಿಕರನ್ನು ಗೌರವಿಸುವುದೆಂದರೆ ಅವರ ತಪ್ಪನ್ನು ಮುಚ್ಚುವುದಲ್ಲ. ನಿಜವಾಗಿ ಮಾಡಿದ ಕೆಲಸವೇ ಬೇಕಾದಷ್ಟಿರುವಾಗ ಇಲ್ಲದ ಬಿರುದುಗಳನ್ನು ಹೊರಿಸುವುದರಿಂದ ಅವರಿಗೂ ನಮಗೂ ಲಾಘವವೇ ಹೊರತು ಗೌರವವಿಲ್ಲ.

ಈಗ ಆತನ ಮಹಾಸಂಖ್ಯೆಗಳ ವಿಷಯಕ್ಕೆ ಬರುವೆವು. ಏಕ, ದಶ, ಶತ, ಸಹಸ್ರ ಎಂದು ಮೊದಲಾಗಿ, ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿಗಳನ್ನು ದಾಟಿ, ಮಹಾಕ್ಷೋಭವೆಂಬ ಇಪ್ಪತ್ತನಾಲ್ಕನೆಯ ಸ್ಥಾನದವರೆಗೂ ಆತನು ಹೆಸರುಗಳನ್ನು ಪಟ್ಟಿಮಾಡಿರುವನು. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆಗಳನ್ನು ಇಟ್ಟರೆ ಒಂದು ಮಹಾಕ್ಷೋಭವಾಗುವುದು. ಜೈನರ ಶಾಸ್ತ್ರಗಳಲ್ಲಿ ಕಾಲದ ಮತ್ತು ಲೋಕದ ಪ್ರಮಾಣವನ್ನು ಹೇಳುವುದಕ್ಕೆ ಅತಿ ದೊಡ್ಡ ಸಂಖ್ಯೆಗಳು ಬೇಕಾಗಿದ್ದುವು. ಜಿನಸೇನನ ಗುರುವಾದ ವೀರಸೇನನು ತನ್ನ ಧವಳಾ ಟೀಕೆಯಲ್ಲಿ, ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬ ಎಣಿಕೆಗೆ ಅರ್ಧಚ್ಛೇದವೆಂದು ಹೆಸರಿಟ್ಟು ಅದರಿಂದ ಲೆಕ್ಕಗಳನ್ನು ನಡೆಸಿರುವನು. ಬ್ರಹ್ಮಗಿರಿಯ ೨೫೬ನ್ನು ಅರ್ಧಿಸುತ್ತ ಹೋದರೆ ಎಂಟು ಸಲಕ್ಕೆ ಒಂದಕ್ಕೆ ಇಳಿಯುವುದು. ಆದುದರಿಂದ ಅದರ ಅರ್ಧಚ್ಛೇದವು ಎಂಟು. ಇಂತಹ ಪರಂಪರೆಯಲ್ಲಿ ಬೆಳೆದ ಮಹಾವೀರನಿಗೆ ದೊಡ್ಡ ಸಂಖ್ಯೆಯು ಭಯದ ವಸ್ತುವಾಗಿರದೆ ಆಟದ ವಸ್ತುವಾಗಿದ್ದಿತು.

ಗ್ರಂಥದ ಪರಿಕರ್ಮಾಧಿಕಾರವು ಗುಣಾಕಾರದಿಂದಲೇ ಮೊದಲಾಗುವುದು. ಕೂಡುವುದು ಕಳೆಯುವುದು ಓದುಗನಿಗೆ ಬರುತ್ತವೆಂದೇ ಆಚಾರ್ಯನ ಎಣಿಕೆ. ಅಲ್ಲಿ ಅಭ್ಯಾಸಕ್ಕಾಗಿ ಕೊಟ್ಟ ಲೆಕ್ಕಗಳ ಉತ್ತರಗಳನ್ನು ನೋಡಿದರೆ ಆಶ್ಚರ್ಯವಾಗುವುದು. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ೧೧೧೧೧೧೧೧೧. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧. ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸಿದರೆ ೧೧೦೦೦೦೧೧೦೦೦೦೧೧. ಇವೆಲ್ಲವನ್ನೂ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಎರಡು ತುದಿಗಳಲ್ಲಿ ಒಂದೇ ಬಗೆಯ ಮಣಿ, ನಡುವೆ ಪದಕ, ಹೀಗೆ ಕಟ್ಟಿದ ಹಾರಗಳಂತೆ ಇರುವುದರಿಂದ ಆಚಾರ್ಯನು ಇವುಗಳನ್ನು ಕಂಠಿಕೆಗಳೆಂದು ಕರೆದು, ಕೆಲವನ್ನು ಅರಸರ ಕೊರಳಿಗೇ ಯೋಗ್ಯವೆಂದು ಎತ್ತಿ ಹೇಳಿರುವನು. ಮೊಳಕಾಲ್ಮೂರಿನ ನೇಕಾರನು ರೇಷ್ಮೆಯ ಸೀರೆಯ ಸೆರಗಿನಲ್ಲಿ ಹೂವನ್ನು ಎತ್ತುವಾಗ ಎಡಕ್ಕೆ ಎಷ್ಟು ಎಳೆಯೋ ಬಲಕ್ಕೂ ಅಷ್ಟೇ ಎಳೆಯನ್ನು ಎಣಿಸಿ ಬಿಡುವನು. ಒಂದು ಎಳೆ ತಪ್ಪಿದರೆ ಹೂವು ಕೆಡುವುದು. ಈ ಹಾರಗಳಲ್ಲಿಯೂ ಒಂದು ಅಂಕಿ ತಪ್ಪಿದರೆ ತಪ್ಪು ಕಣ್ಣಿಗೆ ತಾನಾಗಿ ಬೀಳುವುದು. ಶಿಷ್ಯನ ಉತ್ತರವು ಸರಿಯೋ ತಪ್ಪೋ ಎಂಬುದನ್ನು ಗುರುವು ಹೇಳಬೇಕಾದುದಿಲ್ಲ, ಹಾರವೇ ಹೇಳುವುದು. ಇದಕ್ಕಿಂತ ಉತ್ತಮವಾದ ಪಾಠಕ್ರಮವುಂಟೇ?

ಇವುಗಳಲ್ಲಿ ಒಂದನ್ನು ಬಿಚ್ಚಿ ನೋಡೋಣ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಬೇಕೆಂಬುದು ಆಚಾರ್ಯನ ಲೆಕ್ಕ. ಉತ್ತರವು ೧೨೩೪೫೬೫೪೩೨೧, ಎಂದರೆ ಒಂದರಿಂದ ಆರರವರೆಗೂ ಏರಿ, ಕ್ರಮವಾಗಿ ಒಂದಕ್ಕೇ ಇಳಿಯುವ ಸಂಖ್ಯೆ. ಗ್ರಂಥವು ಲೆಕ್ಕವನ್ನು ಕೊಟ್ಟು ಸುಮ್ಮನಾಗುವುದು. ಒಳಗುಟ್ಟನ್ನು ಓದುಗನೇ ಬಿಡಿಸಬೇಕು. ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ೨೧ನ್ನೂ ೫೨೯೧ನ್ನೂ ಗುಣಿಸಿದರೆ ೧೧೧೧೧೧. ಆದುದರಿಂದ ಈ ಹಾರವು ೧೧೧೧೧೧ರ ವರ್ಗವಲ್ಲದೆ ಬೇರೆಯಲ್ಲ. ಆರು ಒಂದುಗಳ ಸಾಲನ್ನು ಅದರಿಂದಲೇ ಗುಣಿಸುವಾಗ ಅದೇ ಸಾಲನ್ನು ಆರು ಬಾರಿ, ಪ್ರತಿ ಬಾರಿಯೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ, ಒಂದರ ಕೆಳಗೊಂದು ಬರೆದು ಕೂಡಿಸಬೇಕು. ಬಲತುದಿಯಲ್ಲಿ ಒಂದೇ ಒಂದು ಒಂದಿರುವುದು, ಅದರ ಪಕ್ಕದಲ್ಲಿ ಎರಡು, ಅನಂತರ ಮೂರು, ನಟ್ಟನಡುವೆ ಆರು, ಅಲ್ಲಿಂದಾಚೆ ಮತ್ತೆ ಇಳಿತ. ಒಂಬತ್ತು ಒಂದುಗಳ ಸಾಲಿನವರೆಗೂ ಈ ಗೋಪುರವು ನಿಲ್ಲುವುದು. ಹತ್ತಾದೊಡನೆ ದಶಕವು ಪಕ್ಕದ ಸ್ಥಾನಕ್ಕೆ ಏರಿ ಹಾರವು ಮುರಿಯುವುದು. ಬ್ರಹ್ಮಗಿರಿಯ ಲಿಪಿಕಾರನ ಗುರುತುಗಳಿಂದ ಇಂತಹ ಹಾರವನ್ನು ಕಟ್ಟಲು ಸಾಧ್ಯವೇ ಇರಲಿಲ್ಲ. ಸ್ಥಾನಬೆಲೆಯೆಂಬ ದಾರವು ಸಿಕ್ಕಿದ ಮೇಲೆಯೇ ಅಂಕಿಗಳು ಮಣಿಗಳಾದುವು.

ಇನ್ನೂ ಒಳಗೆ ಹೋದರೆ ಈ ಸಂಖ್ಯೆಯ ಸ್ವಭಾವವು ತಿಳಿಯುವುದು. ತನ್ನನ್ನೂ ಒಂದನ್ನೂ ಬಿಟ್ಟು ಬೇರೆ ಭಾಜಕಗಳಿಲ್ಲದ ಸಂಖ್ಯೆಯು ಅವಿಭಾಜ್ಯ. ಬೇರೆ ಭಾಜಕಗಳುಳ್ಳದ್ದು ಸಂಯುಕ್ತ. ೧೧೧೧೧೧ ಎಂಬುದು ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಅದರ ವರ್ಗವಾದ ೧೨೩೪೫೬೫೪೩೨೧ರಲ್ಲಿ ಇವು ಒಂದೊಂದೂ ಎರಡೆರಡು ಸಲ ಇರುವುವು. ಆದುದರಿಂದ ಅದರ ಒಂದು ಭಾಜಕವನ್ನು ಕಟ್ಟಬೇಕಾದರೆ ಪ್ರತಿಯೊಂದು ಅವಿಭಾಜ್ಯವನ್ನೂ ತೆಗೆದುಕೊಳ್ಳದೆ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಹೀಗೆ ಐದಕ್ಕೂ ಮೂರು ಮೂರು ದಾರಿಗಳಿರುವುದರಿಂದ ಮೂರನ್ನು ಐದು ಸಲ ಗುಣಿಸಿ ೨೪೩ ಭಾಜಕಗಳಾಗುವುವು. ಷಡ್ರಸಗಳ ಬೆರಕೆಯನ್ನು ಎಣಿಸಿದ ಮಹಾವೀರನ ಬುದ್ಧಿಗೂ ಈ ಎಣಿಕೆಗೂ ಹತ್ತಿರದ ನಂಟು. ಭಾಗಿಸಿ ನೋಡದೆಯೂ ಕೆಲವು ಭಾಜಕಗಳನ್ನು ಹೇಳಬಹುದು. ಅಂಕಿಗಳನ್ನೆಲ್ಲ ಕೂಡಿಸಿದರೆ ೩೬ ಬರುವುದರಿಂದ ಸಂಖ್ಯೆಯು ಒಂಬತ್ತರಿಂದ ಭಾಗವಾಗಲೇಬೇಕು. ಅಂಕಿಗಳನ್ನು ಒಂದು ಬಿಟ್ಟೊಂದು ಕೂಡಿಸುತ್ತ ಕಳೆಯುತ್ತ ಹೋದರೆ ಸೊನ್ನೆ ಬರುವುದರಿಂದ ಹನ್ನೊಂದರಿಂದಲೂ ಭಾಗವಾಗಲೇಬೇಕು.

ಇದರ ಜತೆಗೆ ಆಚಾರ್ಯನ ಚಿಕ್ಕ ಹಾರವಾದ ೧೫೧೫೧ನ್ನು ಇಟ್ಟು ನೋಡಿರಿ. ಅದು ಐದೇ ಅಂಕಿಗಳದ್ದು. ಆದರೆ ಬಹಳ ಹಟದ್ದು. ಅದರ ಭಾಜಕಗಳು ೧, ೧೦೯, ೧೩೯ ಮತ್ತು ಅದೇ ಸಂಖ್ಯೆ, ಹೀಗೆ ನಾಲ್ಕೇ. ೧೦೯ ಮತ್ತು ೧೩೯ ಇವೆರಡೂ ಅವಿಭಾಜ್ಯಗಳು. ಗುಣಿಸಿದವನು ಯಾರೆಂದು ತಿಳಿಯದೆ ಬರಿಯ ೧೫೧೫೧ನ್ನು ಕೈಗೆ ಕೊಟ್ಟು ಇದನ್ನು ಒಡೆಯಿರೆಂದರೆ, ಎರಡು, ಮೂರು, ಐದು, ಏಳು ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸಿ ನೋಡುತ್ತ ಇಪ್ಪತ್ತೆಂಟು ಸಲ ಸೋತು ಇಪ್ಪತ್ತೊಂಬತ್ತನೆಯ ಸಲ ಗೆಲ್ಲಬೇಕು. ಹನ್ನೊಂದು ಅಂಕಿಗಳ ದೊಡ್ಡ ಹಾರವಾದರೋ ಮೂರು ಎಂಬ ಮೊದಲನೆಯ ಏಟಿಗೇ ಬಿರಿಯಲು ತೊಡಗುವುದು. ಸಂಖ್ಯೆಯ ಗಟ್ಟಿತನವು ಅದರ ಉದ್ದದಿಂದ ಮಾತ್ರ ಬರತಕ್ಕದ್ದಲ್ಲ; ಒಳಗಿರುವ ಅಪವರ್ತನಗಳ ಗಾತ್ರದಿಂದ ಬರತಕ್ಕದ್ದು. ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಈ ಒಂದು ಮಾತಿನ ಮೇಲೆ ಇಂದಿನ ಲೋಕವ್ಯವಹಾರದ ದೊಡ್ಡ ಭಾಗವೇ ನಿಂತಿರುವುದನ್ನು ಮುಂದೆ ಹೇಳುವೆವು.

ದೊಡ್ಡ ಸಂಯುಕ್ತ ಸಂಖ್ಯೆಗಳು ಯೂರೋಪಿನ ಪಂಡಿತರನ್ನೂ ಬಹುಕಾಲ ಕಾಡಿದುವು. ಎರಡನ್ನು ಅರವತ್ತೇಳು ಸಲ ಗುಣಿಸಿ ಒಂದನ್ನು ಕಳೆದರೆ ಬರುವ ೧೪೭೫೭೩೯೫೨೫೮೯೬೭೬೪೧೨೯೨೭ ಎಂಬ ಸಂಖ್ಯೆಯನ್ನು ಫ್ರಾನ್ಸಿನ ಮರ್ಸೆನ್ ಎಂಬ ಪಾದ್ರಿಯು ೧೬೪೪ರಲ್ಲಿ ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದನು. ೧೮೭೬ರಲ್ಲಿ ಲೂಕಾ ಎಂಬಾತನು ಅದು ಸಂಯುಕ್ತವೆಂದು ಸಾಧಿಸಿದನು. ಆದರೆ ಅದರ ಅಪವರ್ತನಗಳು ಅವನಿಗೆ ದೊರಕಲಿಲ್ಲ. ೧೯೦೩ರಲ್ಲಿ ಅಮೆರಿಕೆಯ ಕೋಲ್ ಎಂಬ ಗಣಿತಜ್ಞನು ಅದು ೧೯೩೭೦೭೭೨೧ ಮತ್ತು ೭೬೧೮೩೮೨೫೭೨೮೭ ಇವುಗಳ ಗುಣಲಬ್ಧವೆಂದು ತೋರಿಸಿಕೊಟ್ಟನು. ಈ ಇಪ್ಪತ್ತೊಂದು ಅಂಕಿಗಳ ಸಂಖ್ಯೆಯನ್ನು ಓದಿ ಹೇಳಲು ಇತರ ಭಾಷೆಗಳಲ್ಲಿ ತಡಕಾಡಬೇಕಾಗಬಹುದು. ಮಹಾವೀರನ ಶಿಷ್ಯನಾದರೋ ಒಂದು ಕ್ಷಿತಿಯಿಂದ ಮೊದಲಿಟ್ಟು ನಿರಾಯಾಸವಾಗಿ ಓದಿಬಿಡುತ್ತಿದ್ದನು.

೧೯೭೭ರಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು ಈ ಕಷ್ಟವನ್ನೇ ಬೀಗವನ್ನಾಗಿ ಮಾಡಿದರು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಬಂದ ಸಂಖ್ಯೆಯನ್ನು ಲೋಕಕ್ಕೆಲ್ಲ ಸಾರಬಹುದು. ಅದರಿಂದ ಯಾರು ಬೇಕಾದರೂ ಸಂದೇಶಕ್ಕೆ ಬೀಗ ಹಾಕಬಹುದು. ಆದರೆ ಆ ಎರಡು ಅವಿಭಾಜ್ಯಗಳನ್ನು ಬಲ್ಲವನೊಬ್ಬನೇ ಬೀಗವನ್ನು ತೆಗೆಯಬಲ್ಲನು. ಆಚಾರ್ಯನ ೧೫೧೫೧ರ ಮಾದರಿಯೇ ಇದು. ಗಾತ್ರ ಮಾತ್ರ ಬೇರೆ. ಅವರು ಆಗ ಪಂಥಕ್ಕೆ ಇಟ್ಟ ೧೨೯ ಅಂಕಿಗಳ ಸಂಖ್ಯೆಯು ಒಡೆದದ್ದು ೧೯೯೪ರಲ್ಲಿ. ಸುಮಾರು ಆರುನೂರು ಮಂದಿ ತಮ್ಮ ಗಣಕಯಂತ್ರಗಳನ್ನು ಇದಕ್ಕಾಗಿ ದುಡಿಸಿದರು. ೨೫೦ ಅಂಕಿಗಳ ಮತ್ತೊಂದು ಒಡೆದದ್ದು ೨೦೨೦ರಲ್ಲಿ. ೬೧೭ ಅಂಕಿಗಳದ್ದು ಇನ್ನೂ ಒಡೆದಿಲ್ಲ. ಬ್ಯಾಂಕುಗಳ ಮತ್ತು ಸರಕಾರಗಳ ಗುಪ್ತವ್ಯವಹಾರಕ್ಕೆ ಅಷ್ಟು ದೊಡ್ಡ ಸಂಖ್ಯೆಗಳನ್ನೇ ಬಹುಕಾಲದಿಂದ ಬಳಸುತ್ತಿರುವರು. ಈ ವಿಚಾರದಲ್ಲಿ ಭಾರತೀಯರ ಕೈಯೂ ಹಿಂದುಳಿದಿಲ್ಲ. ಒಂದು ಸಂಖ್ಯೆಯು ಅವಿಭಾಜ್ಯವೋ ಸಂಯುಕ್ತವೋ ಎಂಬುದನ್ನು, ಅದನ್ನು ಒಡೆಯದೆಯೇ, ಶೀಘ್ರವಾಗಿಯೂ ಸಂದೇಹಕ್ಕೆಡೆಯಿಲ್ಲದೆಯೂ ನಿರ್ಣಯಿಸುವ ಕ್ರಮವನ್ನು ೨೦೦೨ರಲ್ಲಿ ಜಗತ್ತಿಗೆ ಕೊಟ್ಟವರು ಕಾನಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ, ನೀರಜ ಕಯಾಲ, ನಿತಿನ ಸಕ್ಸೇನಾ ಎಂಬ ಮೂವರು.

ಆಚಾರ್ಯನ ಗ್ರಂಥದ ಮುಂದಿನ ಚರಿತ್ರೆಯನ್ನು ಹೇಳದಿದ್ದರೆ ಆತನ ಜೀವನಚರಿತ್ರೆಯು ಅರ್ಧವಾಗುವುದು. ಏಕೆಂದರೆ ಗ್ರಂಥಕಾರನ ಬಾಳು ಆತನ ದೇಹದೊಡನೆ ಮುಗಿಯತಕ್ಕದ್ದಲ್ಲ. ಗಣಿತಸಾರಸಂಗ್ರಹವು ದಕ್ಷಿಣದೇಶದಲ್ಲಿ ಪಾಠಗ್ರಂಥವಾಗಿ ಹಬ್ಬಿತು. ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ರಚಿಸಿ, ಲೆಕ್ಕವನ್ನು ನಾಡಿನ ನುಡಿಯಲ್ಲಿಯೇ ಹೇಳಬಹುದೆಂದು ತೋರಿಸಿದನು. ಅನಂತರ ಬಸದಿಗಳ ಭಂಡಾರಗಳಲ್ಲಿ ಓಲೆಯ ಕಟ್ಟುಗಳಾಗಿ ಆಚಾರ್ಯನ ಕೃತಿಯು ಮಲಗಿತು. ಮದರಾಸಿನ ಸರಕಾರೀ ಪ್ರಾಚ್ಯ ಹಸ್ತಪ್ರತಿಗಳ ಭಂಡಾರದಲ್ಲಿ ಅಸಂಪೂರ್ಣವಾದ ಪ್ರತಿಗಳನ್ನು ಕಂಡ ಪ್ರೊಫೆಸರ್ ಎಂ. ರಂಗಾಚಾರ್ಯರು, ಮೈಸೂರಿನಿಂದಲೂ ಮೂಡಬಿದಿರೆಯ ಜೈನಭಂಡಾರದಿಂದಲೂ ಪ್ರತಿಗಳನ್ನು ತರಿಸಿ, ಹೋಲಿಸಿ, ಶುದ್ಧಪಡಿಸಿದರು. ಅವುಗಳಲ್ಲಿ ಕನ್ನಡ ಲಿಪಿಯ ಓಲೆಗಳೂ ಇದ್ದುವು. ಅಮೆರಿಕೆಯ ಡೇವಿಡ್ ಯೂಜೀನ್ ಸ್ಮಿತ್ ಎಂಬ ಪಂಡಿತರು ೧೯೦೮ರಲ್ಲಿ ರೋಮ್ ನಗರದಲ್ಲಿ ಸೇರಿದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಈ ಗ್ರಂಥದ ವಿಷಯವನ್ನು ತಿಳಿಸಿದರು. ೧೯೧೨ರಲ್ಲಿ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಗ್ರಂಥವು ಅಚ್ಚಾಯಿತು. ೧೯೬೩ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದವು ಬಂದಿತು. ಕನ್ನಡ ಅನುವಾದವು ಹೊಂಬುಜದ ಜೈನಮಠದ ಗ್ರಂಥಮಾಲೆಯಿಂದ ಹೊರಬಿದ್ದುದು ೨೦೦೦ದಲ್ಲಿ.

ಈ ವರ್ಷಗಳನ್ನು ವಾಚಕರು ಮತ್ತೊಮ್ಮೆ ನೋಡಬೇಕೆಂದು ಬೇಡುತ್ತೇವೆ. ಕನ್ನಡನಾಡಿನ ಅರಸನ ಕಾಲದಲ್ಲಿ ಹುಟ್ಟಿ, ಕನ್ನಡ ಲಿಪಿಯ ಓಲೆಗಳಲ್ಲಿ ಉಳಿದು, ಕನ್ನಡನಾಡಿನ ಬಸದಿಯಿಂದ ಹೊರಬಂದ ಗ್ರಂಥವು ಇಂಗ್ಲಿಷಿಗೆ ಹೋದ ಎಂಬತ್ತೆಂಟು ವರ್ಷಗಳ ಮೇಲೆ ಕನ್ನಡಕ್ಕೆ ಬಂದಿತು. ಮನೆಯ ಬಾವಿಯ ನೀರು ಊರೆಲ್ಲ ಸುತ್ತಿ ಕಡೆಗೆ ಮನೆಯವರ ತಂಬಿಗೆಗೆ ಬಿದ್ದ ಹಾಗಾಯಿತು. ಇದರಲ್ಲಿ ಒಬ್ಬರ ದೋಷವನ್ನು ಎತ್ತಿ ಆಡುವುದರಿಂದ ಫಲವಿಲ್ಲ. ಬಂದ ಮೇಲೆ ಅದನ್ನು ಏನು ಮಾಡಿದೆವೆಂಬುದೇ ಪ್ರಶ್ನೆ. ಕನ್ನಡ ಶಾಲೆಯ ಎಷ್ಟು ಮಂದಿ ಮಕ್ಕಳು ತಮ್ಮ ಹಲಗೆಯ ಮೇಲೆ ಆಚಾರ್ಯನ ಒಂದು ಹಾರವನ್ನಾದರೂ ಕಟ್ಟಿ ನೋಡಿರುವರು? ಗಣಿತವು ಪರದೇಶದಿಂದ ಬಂದ ಕಠಿಣವಾದ ವಿದ್ಯೆ, ಪಟ್ಟಣದ ಹಣವಂತರ ಮಕ್ಕಳಿಗೆ ಮಾತ್ರ ಒಲಿಯತಕ್ಕದ್ದು ಎಂಬ ಅಂಜಿಕೆಯು ನಮ್ಮ ಹಳ್ಳಿಗಳಿಂದ ಹೋಗಿದೆಯೇ?

ಚಳ್ಳಕೆರೆಯ ಜನರಿಗೆ ಈ ಪ್ರಶ್ನೆಯು ಇತರರಿಗಿಂತ ಹತ್ತಿರದ್ದು. ಕಂಬಳಿಗೂ ಶೇಂಗಾ ಎಣ್ಣೆಗೂ ಹೆಸರಾದ ಈ ಸೀಮೆಯ ಅಮೃತಮಹಲ್ ಕಾವಲುಗಳಲ್ಲಿ ಈ ಶತಮಾನದಲ್ಲಿ ದೊಡ್ಡ ದೊಡ್ಡ ವಿಜ್ಞಾನಸಂಸ್ಥೆಗಳಿಗೆ ಸಾವಿರಾರು ಎಕರೆ ನೆಲವನ್ನು ಕೊಡಲಾಯಿತು. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ನಿಂತಿತು. ರಕ್ಷಣಾ ಸಂಶೋಧನಾ ಇಲಾಖೆಯ ವಿಮಾನ ಪರೀಕ್ಷಾ ಕ್ಷೇತ್ರವು ೨೦೧೭ರಲ್ಲಿ ಆರಂಭವಾಯಿತು. ತಲೆತಲಾಂತರದಿಂದ ಆ ಹುಲ್ಲುಗಾವಲನ್ನು ನಂಬಿ ದನಕುರಿಗಳನ್ನು ಸಾಕಿದ ಹಳ್ಳಿಗಳವರು ನೊಂದುಕೊಂಡರು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ನೆಲವನ್ನು ಕೊಟ್ಟವರಿಗೆ ಬೇಲಿಯ ಹೊರಗಿನ ನೋಟವಷ್ಟೇ ಉಳಿಯುವುದಾದರೆ ಅದು ನ್ಯಾಯವಲ್ಲ. ಆ ಆವರಣದಲ್ಲಿ ಗ್ರಾಮಾಂತರ ಶಾಲೆಗಳ ಉಪಾಧ್ಯಾಯರಿಗೆ ವಿಜ್ಞಾನವನ್ನೂ ಗಣಿತವನ್ನೂ ಕಲಿಸುವ ತರಬೇತಿ ಕೇಂದ್ರವೊಂದಿರುವುದು ಸಂತೋಷದ ಸಂಗತಿ. ಅದನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ. ಮೆಚ್ಚುವುದರಿಂದಲೇ ಇನ್ನೂ ಸ್ವಲ್ಪವನ್ನು ಕೇಳುವ ಸಲಿಗೆಯನ್ನೂ ವಹಿಸುತ್ತೇವೆ.

ನಾವು ಕೇಳುವುದು ದೊಡ್ಡದೇನೂ ಅಲ್ಲ. ಗಣಿತಸಾರಸಂಗ್ರಹದ ಕನ್ನಡ ಅನುವಾದದ ಒಂದೊಂದು ಪ್ರತಿಯು ಚಳ್ಳಕೆರೆ, ಮೊಳಕಾಲ್ಮೂರು ಮೊದಲಾದ ಪ್ರತಿಯೊಂದು ತಾಲ್ಲೂಕಿನ ಗ್ರಂಥಾಲಯದಲ್ಲಿ ಇರಲಿ. ಗುಣಾಕಾರವನ್ನು ಕಲಿಯುವ ತರಗತಿಯಲ್ಲಿ ಆಚಾರ್ಯನ ಹಾರಗಳನ್ನು ಮಕ್ಕಳಿಂದ ಕಟ್ಟಿಸಲಿ. ಮೇಲಿನ ತರಗತಿಯಲ್ಲಿ ಅದೇ ಹಾರಗಳನ್ನು ಬಿಚ್ಚಿಸಿ, ಒಳಗಿರುವ ಅವಿಭಾಜ್ಯಗಳನ್ನು ಹುಡುಕಿಸಲಿ. ಬ್ರಹ್ಮಗಿರಿಯ ಬಂಡೆಯನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವ ಉಪಾಧ್ಯಾಯರು ಧರ್ಮೋಪದೇಶದ ಜತೆಗೆ ಆ ಮೂರು ಗುರುತುಗಳನ್ನೂ ತೋರಿಸಿ, ಸ್ಥಾನಬೆಲೆಯಿಲ್ಲದ ಎಣಿಕೆಯು ಹೇಗಿದ್ದಿತೆಂಬುದನ್ನು ತಿಳಿಸಲಿ. ಇವುಗಳಲ್ಲಿ ಒಂದಕ್ಕೂ ಹೆಚ್ಚಿನ ಹಣವು ಬೇಡ. ಒಂದು ಸುಣ್ಣದ ಕಡ್ಡಿ, ಒಂದು ಹಲಗೆ, ಸ್ವಲ್ಪ ಮನಸ್ಸು, ಇಷ್ಟೇ ಸಾಕು.

ಮಹಾವೀರಾಚಾರ್ಯನು ತನ್ನ ವಂಶದ ಹೆಸರನ್ನು ಬರೆದಿಡಲಿಲ್ಲ. ತನ್ನ ಊರನ್ನು ಹೇಳಿಕೊಳ್ಳಲಿಲ್ಲ. ಆತನು ಬಿಟ್ಟುಹೋದ ಆಸ್ತಿಯು ಯಾವ ಪಹಣಿಯಲ್ಲಿಯೂ ದಾಖಲಾಗಿಲ್ಲ; ಅದಕ್ಕೆ ಬೇಲಿಯನ್ನು ಹಾಕಲು ಯಾರಿಂದಲೂ ಸಾಧ್ಯವಿಲ್ಲ. ಕುರಿಯ ಮಂದೆಯನ್ನು ಎಣಿಸಬಲ್ಲ ಬಾಲಕನೂ, ಮಗ್ಗದ ಎಳೆಯನ್ನು ಎಣಿಸಬಲ್ಲ ಬಾಲಕಿಯೂ ಅದಕ್ಕೆ ಹಕ್ಕುದಾರರು. ಆ ಹಕ್ಕನ್ನು ಅವರ ಕೈಗೆ ಒಪ್ಪಿಸುವುದು ಲೇಖನಿಯನ್ನೂ ಅಧಿಕಾರವನ್ನೂ ಹಿಡಿದ ನಮ್ಮೆಲ್ಲರ ಕರ್ತವ್ಯವು.